ಒಂದು ಗೋಲು ಮುಂದಿದ್ದೂ ಪಂದ್ಯ ಡ್ರಾ ಆಗುವುದೇಕೆ?

ಆಟ ಅಂದ ಮೇಲೆ ಸೋಲು ಗೆಲುವು ಇದ್ದದ್ದೇ ಎಂದು ಹಿರಿಯರು ಹೇಳುತ್ತಾರೆ. ಗೆದ್ದರೆ ಖುಷಿ, ಸೋತರೆ ಬೇಜಾರು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಸೋಲೂ ಅಲ್ಲದ, ಗೆಲುವೂ ಅಲ್ಲದ ಮೂರನೆಯದು ಒಂದಿದೆ. ಅದೇ ಡ್ರಾ. ಫುಟ್‌ಬಾಲಿನಲ್ಲಿ ಡ್ರಾ ಆದಾಗ ಆಗುವಷ್ಟು ಜಗಳ ಸೋತಾಗಲೂ ಆಗುವುದಿಲ್ಲ. ಸೋತರೆ "ಅವರು ಚೆನ್ನಾಗಿ ಆಡಿದ್ರು ಬಿಡು" ಎಂದು ಸುಮ್ಮನಾಗಬಹುದು. ಡ್ರಾ ಆದರೆ "ಹಂಗೆ ಮಾಡಿದ್ರೆ ಗೆಲ್ತಿದ್ವಿ, ಹಿಂಗೆ ಮಾಡಿದ್ರೆ ಗೆಲ್ತಿದ್ವಿ" ಎಂದು ವಾರವಿಡೀ ಮಾತು ಮುಗಿಯುವುದಿಲ್ಲ.

ನಮ್ಮ ಶಾಲೆಯಲ್ಲೂ ಈಗ ಅದೇ ಆಗಿದೆ. ಪಕ್ಕದೂರಿನ ಶಾಲೆಯವರ ಜೊತೆ ನಡೆದ ಸ್ನೇಹಪಂದ್ಯದಲ್ಲಿ ನಮ್ಮವರು ಮೊದಲು ಗೋಲು ಹೊಡೆದು, ಕೊನೆಯಲ್ಲಿ ಒಂದು ಗೋಲು ಬಿಟ್ಟುಕೊಟ್ಟು 1–1 ಮಾಡಿಕೊಂಡರು. ಅಂದಿನಿಂದ ಒಂಬತ್ತನೇ ತರಗತಿಯಲ್ಲಿ ಮೂರು ಪಕ್ಷಗಳಾಗಿವೆ.

ಮೊದಲನೇ ಪಕ್ಷದವರು ಹೇಳುವುದು: "ಇನ್ನೊಂದು ಗೋಲಿಗೆ ಹೋಗ್ಬೇಕಿತ್ತು. ಎಲ್ರೂ ಹಿಂದೆ ಬಂದು ನಿಂತ್ರೆ ಹಿಂಗೇ ಆಗೋದು ಮಾರಾಯ."

ಎರಡನೇ ಪಕ್ಷದವರು ಹೇಳುವುದು: "ಒಂದು ಗೋಲು ಸಾಕಾಗಿತ್ತು ಕಣೋ. ಹನ್ನೊಂದು ಜನಾನೂ ಹಿಂದೆ ನಿಂತಿದ್ರೆ ಯಾರು ಗೋಲು ಹೊಡೀತಿದ್ರು?"

ಮೂರನೇ ಪಕ್ಷದವರು ಹೇಳುವುದು: "ಎಲ್ಲಾ ಸರೀನೇ ಇತ್ತು. ಗೋಲ್‌ಕೀಪರ್ ಬಿಟ್ಟ, ಅಷ್ಟೇ."

ಈ ಮೂರನೇ ಪಕ್ಷವೇ ಎಲ್ಲಕ್ಕಿಂತ ದೊಡ್ಡದು. ಅದರ ಫಲವಾಗಿ ನಮ್ಮ ಗೋಲ್‌ಕೀಪರ್ ಆ ದಿನದಿಂದ ಮೈದಾನದ ಕಡೆ ಬಂದಿಲ್ಲ. ಇನ್ನು ಆಡುವುದೇ ಇಲ್ಲ ಎಂದಿದ್ದಾನೆ. ಮೂರು ವಾರದಲ್ಲಿ ಅದೇ ಶಾಲೆಯವರ ಜೊತೆ ಎರಡನೇ ಪಂದ್ಯವಿದೆ. ಆದ್ದರಿಂದ ಡ್ರಾ ಎಂದರೇನು, ಕೈಯಲ್ಲಿದ್ದ ಗೆಲುವು ಹೇಗೆ ಜಾರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

1. ಡ್ರಾಕ್ಕೆ ಬೆಲೆ ಎಷ್ಟು?

ಲೀಗ್ ಪಂದ್ಯಗಳಲ್ಲಿ ಗೆದ್ದ ತಂಡಕ್ಕೆ 3 ಅಂಕ, ಡ್ರಾ ಆದರೆ ಇಬ್ಬರಿಗೂ ಒಂದೊಂದು ಅಂಕ, ಸೋತವರಿಗೆ ಸೊನ್ನೆ. ಮೊದಲು ಹೀಗಿರಲಿಲ್ಲ. ಗೆದ್ದವರಿಗೆ 2 ಅಂಕ, ಡ್ರಾಕ್ಕೆ 1 ಅಂಕ ಇತ್ತು. ಅಂದರೆ ಡ್ರಾ ಎಂದರೆ ಅರ್ಧ ಗೆಲುವು. ಇದರಿಂದ ಎಷ್ಟೋ ತಂಡಗಳು ಗೆಲ್ಲಲು ಹೋಗದೆ, ಸೋಲದಿದ್ದರೆ ಸಾಕು ಎಂದು ಆಡುತ್ತಿದ್ದವು. ಇದನ್ನು ತಪ್ಪಿಸಲು ಇಂಗ್ಲೆಂಡಿನ ಲೀಗಿನಲ್ಲಿ 1981ರಲ್ಲಿ ಗೆಲುವಿಗೆ 3 ಅಂಕ ಕೊಡುವ ಪದ್ಧತಿ ತಂದರು. ವಿಶ್ವಕಪ್‌ನಲ್ಲಿ ಇದು ಬಂದದ್ದು 1994ರಲ್ಲಿ.

ಒಂದು ಲೆಕ್ಕ ಮಾಡಿ ನೋಡಿ. ಒಂದು ತಂಡ 10 ಪಂದ್ಯಗಳನ್ನೂ ಡ್ರಾ ಮಾಡಿಕೊಂಡಿತು. ಇನ್ನೊಂದು ತಂಡ 4 ಗೆದ್ದು 6 ಸೋತಿತು. ಹಳೇ ಲೆಕ್ಕದಲ್ಲಿ ಮೊದಲ ತಂಡಕ್ಕೆ 10 ಅಂಕ, ಎರಡನೆಯದಕ್ಕೆ 8. ಹೊಸ ಲೆಕ್ಕದಲ್ಲಿ ಮೊದಲ ತಂಡಕ್ಕೆ ಅದೇ 10, ಎರಡನೆಯದಕ್ಕೆ 12! ಒಂದೂ ಪಂದ್ಯ ಸೋಲದ ತಂಡ ಆರು ಸೋತ ತಂಡಕ್ಕಿಂತ ಕೆಳಗೆ. ಈಗ ಡ್ರಾ ಅಂದರೆ ಅರ್ಧ ಗೆಲುವಲ್ಲ, ಮೂರರಲ್ಲಿ ಒಂದು ಪಾಲು ಮಾತ್ರ. ಡ್ರಾ ಆದಾಗ ಅಭಿಮಾನಿಗಳಿಗೆ ಹೊಟ್ಟೆ ಉರಿಯುವುದಕ್ಕೆ ಇದೂ ಒಂದು ಕಾರಣ.

2. ಬೆಂಗಳೂರಿನವರು ಮರೆಯದ ಡ್ರಾ

ನಮ್ಮ ರಾಜ್ಯದಲ್ಲೇ ನಡೆದ ಒಂದು ಡ್ರಾದ ಕಥೆ ಹೇಳುತ್ತೇನೆ. ಬೆಂಗಳೂರು ಎಫ್‌ಸಿ ತಂಡ ಹುಟ್ಟಿದ್ದು 2013ರಲ್ಲಿ. ಸುನಿಲ್ ಛೆಟ್ರಿ ನಾಯಕ, ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ತರಬೇತುದಾರ. ಆಗ ದೇಶದ ಅತಿ ದೊಡ್ಡ ಲೀಗ್ ಆಗಿದ್ದ ಐ-ಲೀಗನ್ನು ಮೊದಲ ವರ್ಷವೇ ಗೆದ್ದು ಎಲ್ಲರೂ ಹುಬ್ಬೇರಿಸುವಂತೆ ಮಾಡಿತು.

ಎರಡನೇ ವರ್ಷವೂ ಗೆಲುವು ಹತ್ತಿರಕ್ಕೇ ಬಂತು. 11 ತಂಡಗಳು, ಒಂದೊಂದಕ್ಕೆ 20 ಪಂದ್ಯ. ಕೊನೆಯ ಪಂದ್ಯದ ಹೊತ್ತಿಗೆ ಕೋಲ್ಕತ್ತದ ಮೋಹನ್ ಬಗಾನ್ ತಂಡಕ್ಕೆ 38 ಅಂಕ, ಬೆಂಗಳೂರಿಗೆ 36 ಅಂಕ. ಆ ಕೊನೆಯ ಪಂದ್ಯ ಇವೆರಡರ ನಡುವೆಯೇ! 2015ರ ಮೇ 31, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ.

ಲೆಕ್ಕ ನೋಡಿ. ಬೆಂಗಳೂರು ಗೆದ್ದರೆ 36ಕ್ಕೆ 3 ಸೇರಿ 39, ಬಗಾನ್ 38ರಲ್ಲೇ ನಿಲ್ಲುತ್ತದೆ. ಕಪ್ ಬೆಂಗಳೂರಿಗೆ. ಡ್ರಾ ಆದರೆ ಬಗಾನ್ 39, ಬೆಂಗಳೂರು 37. ಕಪ್ ಕೋಲ್ಕತ್ತಕ್ಕೆ. ಅಂದರೆ ಒಂದೇ ಡ್ರಾ, ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಸೂತಕ.

41ನೇ ನಿಮಿಷದಲ್ಲಿ ಬೆಂಗಳೂರಿನ ಜಾನ್ ಜಾನ್ಸನ್ ಗೋಲು ಹೊಡೆದ. ಅಲ್ಲಿಂದ ಆಟದ 46 ನಿಮಿಷ ಬೆಂಗಳೂರೇ ಚಾಂಪಿಯನ್. 87ನೇ ನಿಮಿಷದಲ್ಲಿ ಬಗಾನ್‌ಗೆ ಒಂದು ಕಾರ್ನರ್ ಸಿಕ್ಕಿತು. ಬಂದ ಚೆಂಡನ್ನು ನೈಜೀರಿಯಾದ ಬೆಲ್ಲೊ ರಜಾಕ್ ತಲೆಯಿಂದ ಹೊಡೆದು ಗೋಲಿಗೆ ಹಾಕಿದ. 1–1. ಆಟ ಮುಗಿಯಲು ಮೂರು ನಿಮಿಷ ಮತ್ತು ಹೆಚ್ಚುವರಿ ಸಮಯ ಮಾತ್ರ ಬಾಕಿ. ಹದಿಮೂರು ವರ್ಷಗಳ ನಂತರ ಮೋಹನ್ ಬಗಾನ್ ರಾಷ್ಟ್ರೀಯ ಲೀಗ್ ಗೆದ್ದಿತು. ಬೆಂಗಳೂರಿನವರು ತಮ್ಮ ಊರಲ್ಲೇ, ತಮ್ಮ ಕಣ್ಣೆದುರಿಗೇ ಕಪ್ ಹೋಗುವುದನ್ನು ನೋಡಿದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎರಡು ಗೋಲನ್ನೂ ಹೊಡೆದವರು ಫಾರ್ವರ್ಡ್ ಆಟಗಾರರಲ್ಲ. ಜಾನ್ಸನ್ನೂ ಬ್ಯಾಕ್, ಬೆಲ್ಲೊನೂ ಬ್ಯಾಕ್. ಹಿಂದೆ ನಿಂತು ಕಾಯಬೇಕಾದವರು ಮುಂದೆ ಬಂದು ಹೊಡೆದರು. ಬಗಾನ್ ಕಡೆಯಿಂದ ಯೋಚಿಸಿ. ಅವರಿಗೆ 1–0ಯಿಂದ ಸೋತರೂ ಒಂದೇ, 4–0ಯಿಂದ ಸೋತರೂ ಒಂದೇ, ಕಪ್ ಹೋಗುತ್ತದೆ. ಹಾಗಾಗಿ ಇನ್ನೊಂದು ಗೋಲು ಬಿದ್ದರೂ ಬೀಳಲಿ ಎಂದು ಎಲ್ಲರನ್ನೂ ಮುಂದೆ ಕಳಿಸಬಹುದು. ಒಂದೇ ಗೋಲು ಮುಂದಿರುವವನಿಗೆ ಆ ಧೈರ್ಯ ಇರುವುದಿಲ್ಲ, ಏಕೆಂದರೆ ಕಳೆದುಕೊಳ್ಳಲು ಅವನ ಹತ್ತಿರ ಏನೋ ಇದೆ. ಕೊನೇ ಹತ್ತು ನಿಮಿಷದಲ್ಲಿ ಹಿಂದಿರುವ ತಂಡ ಬಲಶಾಲಿಯಾಗಿ ಕಾಣುವುದು ಈ ಕಾರಣಕ್ಕೇ ಹೊರತು ಅವರ ಕಾಲಿಗೆ ಇದ್ದಕ್ಕಿದ್ದಂತೆ ಶಕ್ತಿ ಬಂದು ಅಲ್ಲ.

3. ಮುಂದೆ ಹೋಗಬೇಕೋ, ಹಿಂದೆ ನಿಲ್ಲಬೇಕೋ?

ಈಗ ನಮ್ಮ ಮೊದಲ ಎರಡು ಪಕ್ಷಗಳ ವಾದಕ್ಕೆ ಬರೋಣ. ನಿಜ ಹೇಳಬೇಕೆಂದರೆ ಇಬ್ಬರದೂ ಸರಿ ಇದೆ, ಇಬ್ಬರದೂ ಅರ್ಧ ಸರಿ ಇದೆ.

ಎರಡನೇ ಗೋಲಿಗೆ ಹೋದರೆ ಲಾಭವೇನು? ಚೆಂಡು ಎದುರಾಳಿಯ ಕಡೆ ಇರುತ್ತದೆ. ಎರಡು ಗೋಲು ಆದರೆ ಅವರ ಮನಸ್ಸೂ ಕುಸಿಯುತ್ತದೆ. ನಷ್ಟವೇನು? ನಮ್ಮ ಹಿಂದೆ ಜಾಗ ಖಾಲಿ ಬೀಳುತ್ತದೆ. ಒಂದು ಉದ್ದ ಹೊಡೆತಕ್ಕೆ ಅವರ ಓಟಗಾರ ನಮ್ಮ ಗೋಲಿನ ಮುಂದೆ ಇರುತ್ತಾನೆ.

ಹಿಂದೆ ನಿಂತರೆ ಲಾಭವೇನು? ಗೋಲಿನ ಮುಂದೆ ಕಾಲುಗಳ ಬೇಲಿಯೇ ಇರುತ್ತದೆ, ನುಗ್ಗುವುದು ಕಷ್ಟ. ನಷ್ಟವೇನು? ಚೆಂಡು ಯಾವಾಗಲೂ ನಮ್ಮ ಗೋಲಿನ ಹತ್ತಿರವೇ ಇರುತ್ತದೆ. ನಾವು ಹೊಡೆದು ಕಳಿಸಿದರೂ ಅಲ್ಲಿ ನಮ್ಮವರು ಯಾರೂ ಇರುವುದಿಲ್ಲ. ಅವರೇ ಹಿಡಿದು ಮತ್ತೆ ತರುತ್ತಾರೆ. ಹತ್ತು ಸಲ ತಡೆದರೂ ಹನ್ನೊಂದನೇ ಸಲ ಯಾರದೋ ಕಾಲು ಜಾರುತ್ತದೆ. ನಮ್ಮ ಮಳೆಗಾಲದ ಮೈದಾನದಲ್ಲಂತೂ ಕಾಲು ಜಾರಲು ಹನ್ನೊಂದನೇ ಸಲದವರೆಗೆ ಕಾಯಬೇಕಾಗಿಲ್ಲ!

ಆದರೆ ನಮ್ಮವರು ಆ ದಿನ ಮಾಡಿದ್ದು ಇವೆರಡೂ ಅಲ್ಲ. ಬ್ಯಾಕ್‌ನವರು "ಕಾಯೋಣ" ಎಂದು ಹಿಂದೆ ಸರಿದರು. ಫಾರ್ವರ್ಡ್‌ನವರು "ಹೊಡೆಯೋಣ" ಎಂದು ಮುಂದೆಯೇ ನಿಂತರು. ಮಧ್ಯೆ ಒಂದು ಗದ್ದೆಯಷ್ಟು ಜಾಗ ಖಾಲಿ. ಆ ಜಾಗದಲ್ಲಿ ಎದುರಾಳಿಗಳು ಆರಾಮಾಗಿ ಚೆಂಡು ಹಿಡಿದು, ತಲೆ ಎತ್ತಿ ನೋಡಿ, ಬೇಕಾದ ಕಡೆ ಕೊಟ್ಟರು. ತಂಡ ಮುಂದೆ ಹೋಗಲಿ, ಹಿಂದೆ ಬರಲಿ, ಹನ್ನೊಂದು ಜನವೂ ಒಟ್ಟಿಗೆ ಹೋಗಬೇಕು, ಒಟ್ಟಿಗೆ ಬರಬೇಕು. ಅರ್ಧ ಎತ್ತು ಏರಿಗೆ, ಅರ್ಧ ಎತ್ತು ನೀರಿಗೆ ಎಳೆದರೆ ಗಾಡಿ ಮುರಿಯುವುದೇ.

"ಎರಡನೇ ಅರ್ಧದಲ್ಲಿ ನಾವು ಏರು ಕಡೆಗೆ ಆಡಬೇಕಾಯ್ತು" ಎಂದು ಕೆಲವರು ಹೇಳುತ್ತಿದ್ದಾರೆ. ನಮ್ಮ ಮೈದಾನ ಇಳಿಜಾರು ಎನ್ನುವುದು ನಿಜ. ಸಕಲೇಶಪುರ, ಆಲೂರು ಕಡೆ ಪೂರ್ತಿ ಮಟ್ಟಸ ಮೈದಾನ ಹುಡುಕುವುದೇ ಕಷ್ಟ. ಆದರೆ ಮೊದಲರ್ಧದಲ್ಲಿ ಅದೇ ಏರಿಗೆ ಅವರೂ ಆಡಿದ್ದರಲ್ಲ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗಬಾರದು.

ಮುಂದೆ ಹೋಗುವುದು, ಹಿಂದೆ ನಿಲ್ಲುವುದು ಬಿಟ್ಟು ಮೂರನೇ ದಾರಿಯೂ ಇದೆ. ಅದು ಚೆಂಡನ್ನು ನಮ್ಮ ಹತ್ತಿರವೇ ಇಟ್ಟುಕೊಳ್ಳುವುದು. ಚೆಂಡು ನಮ್ಮ ಕಾಲಲ್ಲಿ ಇರುವಷ್ಟು ಹೊತ್ತು ಅವರು ಗೋಲು ಹೊಡೆಯಲಾರರು. ಹತ್ತಿರ ಹತ್ತಿರ ಪಾಸು ಕೊಟ್ಟು ಆಡಬೇಕು. ಕೆಸರಿನಲ್ಲಿ ಪಾಸು ಅರ್ಧಕ್ಕೇ ನಿಲ್ಲುತ್ತದೆ ಎನ್ನುವವರು ಮೈದಾನದ ಅಂಚಿನ ಹುಲ್ಲಿನ ಮೇಲೆ ಆಡಬಹುದು. ಅಲ್ಲಿ ನೀರು ನಿಲ್ಲುವುದಿಲ್ಲ. ಚೆಂಡು ಹೊರಗೆ ಹೋದರೂ ಥ್ರೋ ಮಾತ್ರ, ಗೋಲಿಗೆ ಅಪಾಯವಿಲ್ಲ.

4. ಕಾರ್ನರ್ ಎಂಬ ಗಂಡಾಂತರ

ನಮ್ಮ ಮೇಲೆ ಬಿದ್ದ ಗೋಲೂ ಕಾರ್ನರಿನಿಂದಲೇ ಬಂದದ್ದು. ಕಾವಲು ಕಾಯುವ ತಂಡ ತನ್ನದೇ ಗೋಲಿನ ಗೆರೆಯಿಂದ ಚೆಂಡನ್ನು ಹೊರಗೆ ಹಾಕಿದರೆ ಎದುರಾಳಿಗೆ ಕಾರ್ನರ್ ಸಿಗುತ್ತದೆ. ಅದನ್ನು ಒದೆಯುವಾಗ ನಾವು ಕನಿಷ್ಠ 9.15 ಮೀಟರ್ ದೂರ ಇರಬೇಕು. ನೇರವಾಗಿ ಕಾರ್ನರಿನಿಂದ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಆದ್ದರಿಂದ ಅವರು ನಮ್ಮ ಗೋಲ್‌ಕೀಪರ್ ಪಕ್ಕದಲ್ಲೇ ಬಂದು ನಿಲ್ಲಬಹುದು. ಎತ್ತರದವರೆಲ್ಲ ಮುಂದೆ ಬರುತ್ತಾರೆ. ದೊಡ್ಡ ಪಂದ್ಯಗಳ ಗೋಲು 24 ಅಡಿ ಅಗಲ, 8 ಅಡಿ ಎತ್ತರ. ನಮ್ಮ ಬಿದಿರಿನ ಗೋಲು ಇದಕ್ಕಿಂತ ಚಿಕ್ಕದಾದರೂ, ಹುಡುಗನೊಬ್ಬ ಒಬ್ಬನೇ ಕಾಯಲು ಅದೂ ದೊಡ್ಡದೇ.

ಕಾರ್ನರನ್ನು ಕಾಯಲು ಎರಡು ಕ್ರಮಗಳಿವೆ. ನಮ್ಮ ಊರಿನ ಗದ್ದೆ ಕಾವಲನ್ನು ನೆನೆಸಿಕೊಂಡರೆ ಸುಲಭವಾಗಿ ಅರ್ಥವಾಗುತ್ತದೆ. ಭತ್ತಕ್ಕೆ ಹಂದಿ ಬರುವ ಕಾಲದಲ್ಲಿ ಒಬ್ಬೊಬ್ಬರು ಬೇಲಿಯ ಒಂದೊಂದು ಬದಿ ನೋಡಿಕೊಳ್ಳುತ್ತಾರೆ. ಯಾವ ಹಂದಿ ಬಂದರೂ ನನ್ನ ಬದಿಗೆ ಬಂದದ್ದು ನನ್ನ ಜವಾಬ್ದಾರಿ. ಹೀಗೆ ಜಾಗ ಹಂಚಿಕೊಂಡು ಕಾಯುವುದು ಒಂದು ಕ್ರಮ. ಇನ್ನೊಂದು ಕ್ರಮದಲ್ಲಿ ಆಳು ಹಂಚಿಕೊಳ್ಳುತ್ತಾರೆ. ಆ ಉದ್ದನೆಯವನು ನಿನಗೆ, ಈ ಕುಳ್ಳನವನು ನನಗೆ. ಅವನು ಎಲ್ಲಿ ಹೋದರೂ ನೆರಳಿನ ಹಾಗೆ ಹಿಂದೆ ಹೋಗಬೇಕು.

ಮೊದಲ ಕ್ರಮದಲ್ಲಿ ಜಾಗ ತಪ್ಪುವುದಿಲ್ಲ, ಆದರೆ ಓಡಿ ಬಂದು ಹಾರುವವನನ್ನು ನಿಂತಲ್ಲೇ ಹಾರಿ ತಡೆಯುವುದು ಕಷ್ಟ. ಎರಡನೇ ಕ್ರಮದಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಕಾವಲುಗಾರ ಇರುತ್ತಾನೆ, ಆದರೆ ಒಬ್ಬ ಮೈಮರೆತರೂ ಕೆಲಸ ಕೆಟ್ಟಿತು. ಎರಡಕ್ಕಿಂತ ಕೆಟ್ಟದ್ದು ಯಾವ ಕ್ರಮವೂ ಇಲ್ಲದಿರುವುದು. ಒಂದು ಬದಿ ಸದ್ದಾಯಿತೆಂದು ಎಲ್ಲರೂ ಆ ಕಡೆಗೇ ಓಡಿದರೆ ಹಂದಿ ಇನ್ನೊಂದು ಬದಿಯಿಂದ ನುಗ್ಗುತ್ತದೆ. ಕಾರ್ನರಿನಲ್ಲಿ ಎಲ್ಲರೂ ಚೆಂಡನ್ನೇ ನೋಡುತ್ತಾ ನಿಲ್ಲುವುದೂ ಹಾಗೇ.

ಇದರಲ್ಲಿ ದೊಡ್ಡವರೂ ಎಡವುತ್ತಾರೆ. 2018ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗಿನ ಫೈನಲ್ ಅದೇ ಕಂಠೀರವದಲ್ಲಿ ನಡೆಯಿತು. ಚೆನ್ನೈಯಿನ್ ಎಫ್‌ಸಿ ವಿರುದ್ಧ 9ನೇ ನಿಮಿಷದಲ್ಲೇ ಛೆಟ್ರಿ ಗೋಲು ಹೊಡೆದು ಬೆಂಗಳೂರು ಮುಂದಿತ್ತು. ಚೆನ್ನೈಯಿನ್ ತಂಡದ ಬ್ಯಾಕ್ ಮೈಲ್ಸನ್ ಆಲ್ವೆಸ್ 17 ಮತ್ತು 45ನೇ ನಿಮಿಷಗಳಲ್ಲಿ ಎರಡು ಗೋಲು ಹೊಡೆದ. ಎರಡೂ ಕಾರ್ನರಿನಿಂದ, ಎರಡೂ ತಲೆಯಿಂದ! ಕೊನೆಗೆ ಬೆಂಗಳೂರು 2–3ರಿಂದ ಸೋತಿತು.

ಆದರೆ ಕಲಿತವರಿಗೆ ಅದೇ ವಿದ್ಯೆ ಕೈ ಹಿಡಿಯುತ್ತದೆ. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ತಂಡದ ವಿರುದ್ಧ ಮತ್ತೆ ಫೈನಲ್. 90 ನಿಮಿಷದಲ್ಲಿ ಯಾರಿಗೂ ಗೋಲಿಲ್ಲ. ಹೆಚ್ಚುವರಿ ಆಟದ 117ನೇ ನಿಮಿಷದಲ್ಲಿ ಬೆಂಗಳೂರಿಗೆ ಕಾರ್ನರ್. ಬ್ಯಾಕ್ ಆಟಗಾರ ರಾಹುಲ್ ಭೇಕೆ ತಲೆಯಿಂದ ಹೊಡೆದ. 1–0. ಕಪ್ ಬೆಂಗಳೂರಿಗೆ!

5. ಗೋಲ್‌ಕೀಪರ್‌ನದೇ ತಪ್ಪೇ?

ಈಗ ಮೂರನೇ ಪಕ್ಷದವರ ಮಾತಿಗೆ ಬರೋಣ. ಆ ದಿನ ಸ್ಕೋರ್ ಬರೆಯುವ ಕೆಲಸ ನನ್ನದಾಗಿತ್ತು. ಗೋಲು ಬೀಳುವ ಮುಂಚೆ ಏನೇನಾಯಿತು ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಯಾರ ಹೆಸರನ್ನೂ ಹೇಳದೆ ಅದನ್ನು ಇಲ್ಲಿ ಕೊಡುತ್ತೇನೆ.

ಒಂದು, ಮಧ್ಯದಲ್ಲಿ ನಮ್ಮವನೊಬ್ಬ ಇಬ್ಬರನ್ನು ದಾಟಿಸಲು ಹೋಗಿ ಚೆಂಡು ಕಳೆದುಕೊಂಡ. ಎರಡು, ನಮ್ಮ ಬ್ಯಾಕ್ ಚೆಂಡನ್ನು ಪಕ್ಕದ ಗೆರೆಗೆ ಹಾಕಬಹುದಾಗಿದ್ದರೂ ಅವಸರದಲ್ಲಿ ಗೋಲಿನ ಗೆರೆಗೆ ಹಾಕಿ ಕಾರ್ನರ್ ಕೊಟ್ಟ. ಮೂರು, ಕಾರ್ನರ್ ಒದೆಯುವಾಗ ಹತ್ತಿರದ ಕಂಬದ ಬಳಿ ಯಾರೂ ಇರಲಿಲ್ಲ. ನಾಲ್ಕು, ಅವರ ಎತ್ತರದ ಹುಡುಗನ ಪಕ್ಕದಲ್ಲಿದ್ದ ನಮ್ಮ ಮೂವರೂ ಚೆಂಡನ್ನೇ ನೋಡುತ್ತಿದ್ದರು. ಐದನೆಯದು ಮಾತ್ರ ಗೋಲ್‌ಕೀಪರ್ ಕೈಗೆ ತಾಗಿ ಚೆಂಡು ಒಳಗೆ ಹೋದದ್ದು. ಮಳೆಯಲ್ಲಿ ನೆನೆದು ಭಾರವಾದ, ಜಾರುವ ಚೆಂಡು ಅದು.

ನಾಲ್ಕು ತಪ್ಪು ನಾಲ್ಕು ಜನಕ್ಕೆ ಹಂಚಿಹೋಯಿತು, ಯಾರಿಗೂ ಕಾಣಲಿಲ್ಲ. ಐದನೆಯದು ಬಲೆಯ ಮುಂದೆ ನಡೆಯಿತು, ಎಲ್ಲರಿಗೂ ಕಂಡಿತು. ಗೋಲ್‌ಕೀಪರ್ ಕೆಲಸವೇ ಅಂಥದ್ದು. ಅವನ ಹಿಂದೆ ಇನ್ನೊಬ್ಬ ಇರುವುದಿಲ್ಲ.

ಇದರಿಂದ ಎಂಥ ಅನ್ಯಾಯ ಆಗಬಹುದು ಎನ್ನುವುದಕ್ಕೆ ಪ್ರಪಂಚದಲ್ಲೇ ದೊಡ್ಡ ಉದಾಹರಣೆ ಬ್ರೆಜಿಲ್ ದೇಶದ್ದು. 1950ರ ಜುಲೈ 16, ರಿಯೊ ನಗರದ ಮಾರಕಾನಾ ಕ್ರೀಡಾಂಗಣ. ವಿಶ್ವಕಪ್‌ನ ಕೊನೆಯ ಪಂದ್ಯ. ಉರುಗ್ವೆ ವಿರುದ್ಧ ಬ್ರೆಜಿಲ್‌ಗೆ ಬರೀ ಡ್ರಾ ಸಾಕಾಗಿತ್ತು. ಸುಮಾರು ಎರಡು ಲಕ್ಷ ಜನ ಸೇರಿದ್ದರು. ಬ್ರೆಜಿಲ್ ಮೊದಲು ಗೋಲನ್ನೂ ಹೊಡೆಯಿತು. ಆಮೇಲೆ ಉರುಗ್ವೆಯ ಗಿಜ್ಜಾ ಬಲಗಡೆಯಿಂದ ಓಡಿ ಬಂದು ಚೆಂಡನ್ನು ಮಧ್ಯಕ್ಕೆ ಕೊಟ್ಟ, ಸ್ಕಿಯಾಫಿನೊ ಗೋಲು ಹೊಡೆದ. ಸ್ವಲ್ಪ ಹೊತ್ತಿಗೆ ಗಿಜ್ಜಾ ಮತ್ತೆ ಅದೇ ದಾರಿಯಲ್ಲಿ ಬಂದ. ಈ ಸಲವೂ ಮಧ್ಯಕ್ಕೇ ಕೊಡುತ್ತಾನೆ ಎಂದು ಗೋಲ್‌ಕೀಪರ್ ಬಾರ್ಬೋಸಾ ಒಂದು ಹೆಜ್ಜೆ ಸರಿದ. ಗಿಜ್ಜಾ ಹತ್ತಿರದ ಕಂಬದ ಪಕ್ಕ ನೇರವಾಗಿ ಹೊಡೆದ. ಉರುಗ್ವೆ 2, ಬ್ರೆಜಿಲ್ 1.

ಗಿಜ್ಜಾ ಒಂದೇ ದಾರಿಯಲ್ಲಿ ಎರಡು ಸಲ ಹೇಗೆ ಬಂದ, ಅವನನ್ನು ತಡೆಯಬೇಕಾದವರು ಎಲ್ಲಿದ್ದರು ಎಂದು ಕೇಳಿದವರು ಕಡಿಮೆ. ಆ ಒಂದು ಹೆಜ್ಜೆಗಾಗಿ ಬಾರ್ಬೋಸಾನನ್ನು ಬ್ರೆಜಿಲ್ ಸಾಯುವವರೆಗೂ ಕ್ಷಮಿಸಲಿಲ್ಲ. ಅವನು ತೀರಿಕೊಂಡದ್ದು 2000ದಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಅತಿ ದೊಡ್ಡ ಶಿಕ್ಷೆ ಮೂವತ್ತು ವರ್ಷ, ನಾನು ಮಾಡದ ತಪ್ಪಿಗೆ ಐವತ್ತು ವರ್ಷ ಅನುಭವಿಸುತ್ತಿದ್ದೇನೆ ಎಂದು ಅವನು ಮುದುಕನಾದ ಮೇಲೆ ನೊಂದು ಹೇಳಿಕೊಂಡಿದ್ದ. ನೀವೇ ಯೋಚಿಸಿ, ಒಂದು ಆಟಕ್ಕೆ ಇಷ್ಟು ಶಿಕ್ಷೆ ಬೇಕೆ?

6. ಇನ್ನು ಮೂರು ವಾರದಲ್ಲಿ ಏನು ಮಾಡಬಹುದು?

ಆಡುವ ಗೆಳೆಯರು ಮತ್ತು ಪಿ.ಟಿ. ಮೇಷ್ಟ್ರು ದಯವಿಟ್ಟು ಗಮನಿಸಬೇಕು.

ಅ) ಒಂದು ಗೋಲು ಮುಂದಾದ ತಕ್ಷಣ ಹೇಗೆ ಆಡಬೇಕು ಎಂಬುದನ್ನು ಪಂದ್ಯಕ್ಕೆ ಮುಂಚೆಯೇ ತೀರ್ಮಾನಿಸಬೇಕು. ಮೈದಾನದಲ್ಲಿ ಕೂಗಾಡಿ ತೀರ್ಮಾನಿಸುವುದಲ್ಲ. ಯಾವ ಪಕ್ಷದ ಮಾತು ಗೆದ್ದರೂ ಹನ್ನೊಂದು ಜನವೂ ಅದರಂತೆಯೇ ನಡೆಯಬೇಕು.

ಆ) ದಿನಾ ಸಂಜೆ ಹತ್ತು ಕಾರ್ನರ್ ಅಭ್ಯಾಸ ಮಾಡಬೇಕು. ಯಾರು ಯಾರನ್ನು ಕಾಯುವುದು, ಎರಡು ಕಂಬಗಳ ಬಳಿ ಯಾರು ನಿಲ್ಲುವುದು ಎಂದು ಚೀಟಿಯಲ್ಲಿ ಬರೆದು ಹಂಚಿಕೊಳ್ಳಬೇಕು.

ಇ) ಅಪಾಯ ಬಂದಾಗ ಚೆಂಡನ್ನು ಪಕ್ಕದ ಗೆರೆಗೆ ಹಾಕಬೇಕು, ಗೋಲಿನ ಗೆರೆಗೆ ಅಲ್ಲ.

ಈ) ಗೋಲ್‌ಕೀಪರ್‌ಗೆ ಒದ್ದೆ ಚೆಂಡಿನಲ್ಲೇ ಅಭ್ಯಾಸ ಕೊಡಬೇಕು. ನಮ್ಮ ಕಡೆ ಒಣ ಚೆಂಡಿನಲ್ಲಿ ಆಡಿ ಕಲಿತರೆ ಜೂನ್ ತಿಂಗಳಿಗೆ ಪ್ರಯೋಜನಕ್ಕೆ ಬಾರದು.

ಉ) ಎಲ್ಲಕ್ಕಿಂತ ಮೊದಲು ಅವನನ್ನು ಮೈದಾನಕ್ಕೆ ಕರೆತರಬೇಕು. ಕ್ಯಾಪ್ಟನ್ ಒಬ್ಬನೇ ಹೋಗಿ ಕರೆದರೆ ಸಾಲದು. ಮೇಲೆ ಬರೆದ ನಾಲ್ಕು ತಪ್ಪುಗಳಲ್ಲಿ ಪಾಲಿದ್ದವರೂ ಜೊತೆಗೆ ಹೋಗಬೇಕು. ನಮ್ಮಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಇಲ್ಲ ಎಂಬ ಕಾರಣಕ್ಕೆ ಮಾತ್ರವಲ್ಲ, ಅದು ನ್ಯಾಯವಾದ್ದರಿಂದ.

ಬೆಂಗಳೂರು ತಂಡ 2015ರಲ್ಲಿ ಕಣ್ಣೆದುರಿಗೇ ಕಪ್ ಕಳೆದುಕೊಂಡಿತಷ್ಟೆ? ತರಬೇತುದಾರ ಅದೇ ವೆಸ್ಟ್‌ವುಡ್, ನಾಯಕ ಅದೇ ಛೆಟ್ರಿ. ಮುಂದಿನ ಸಾಲಿನಲ್ಲಿ, ಅಂದರೆ 2015–16ರಲ್ಲಿ, ಅದೇ ಐ-ಲೀಗನ್ನು ಮತ್ತೆ ಗೆದ್ದಿತು. ಅವರಿಗೆ ಅದಕ್ಕೆ ಒಂದು ವರ್ಷ ಬೇಕಾಯಿತು. ನಮಗೆ ಮೂರು ವಾರವಿದೆ.

ನಿಮಗೆ ಗೊತ್ತೆ?

* ಕಾರ್ನರ್ ಒದೆತದಿಂದ ಚೆಂಡು ಯಾರನ್ನೂ ಮುಟ್ಟದೆ ನೇರವಾಗಿ ಎದುರಾಳಿಯ ಗೋಲಿಗೆ ಹೋದರೂ ಅದು ಗೋಲೇ.

* 1950ರ ವಿಶ್ವಕಪ್‌ನಲ್ಲಿ ಆಡಲು ಭಾರತಕ್ಕೂ ಅವಕಾಶ ಸಿಕ್ಕಿತ್ತು. ಆದರೆ ನಮ್ಮ ತಂಡ ಹೋಗಲಿಲ್ಲ.

* ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯ ಮೈಸೂರು ಎಂಬ ಹೆಸರಿನಲ್ಲಿ 1968–69ರಲ್ಲಿ ಗೆದ್ದಿತ್ತು. ಆಮೇಲೆ ಕರ್ನಾಟಕ ಗೆದ್ದದ್ದು 54 ವರ್ಷಗಳ ಮೇಲೆ, 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಮೇಘಾಲಯ ವಿರುದ್ಧ 3–2.

(ಈ ಲೇಖನಕ್ಕೆ ಒಪ್ಪದವರು ತಮ್ಮ ಅಭಿಪ್ರಾಯವನ್ನು ಬರೆದು ಪತ್ರಿಕೆಯ ಡಬ್ಬಕ್ಕೆ ಹಾಕಿ. ಮೂರೂ ಪಕ್ಷದವರಿಗೆ ಸ್ವಾಗತ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಡಿ.)

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ